ಒಡಪಿಗೆ ಬಿದ್ದವನು

ಕಂದಾಯ ಖಾತೆಯ ಕಾರಕೂನನಾಗಿ ನಾನು ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ಊರುಗಳ ಕಚೇರಿಗಳಲ್ಲಿ ಕುಳಿತು ಎದ್ದವನು. ನಾಲ್ಕೂ ಕಡೆ ನನ್ನ ಗಾಂಭೀರ್ಯದ ಬಗ್ಗೆ ಸದಭಿಪ್ರಾಯವಿತ್ತು. ಪಕ್ಕದ ಮೇಜಿನವರು ಹೊಟ್ಟೆ ಹಿಡಿದುಕೊಂಡು ನಗುವಾಗ ನಾನು ಗೋಡೆಯ ಮೇಲಿನ ತಾಲೂಕಿನ ನಕಾಶೆ ನೋಡುತ್ತಿದ್ದೆ. ನಕಾಶೆ ನೋಡುತ್ತ ನೋಡುತ್ತ ನಿದ್ದೆಯನ್ನೂ ಮಾಡುತ್ತಿದ್ದೆ. ಮೊದಲನೆಯದನ್ನು ಜನ ವಿದ್ವತ್ತು ಎಂದು ತಿಳಿದರು, ಎರಡನೆಯದನ್ನು ಚಿಂತನೆ ಎಂದು. ಸರಕಾರಿ ನೌಕರಿಯಲ್ಲಿ ಎರಡಕ್ಕೂ ಶಿಕ್ಷೆಯಿರಲಿಲ್ಲ.

ನಿಜ ಸಂಗತಿ ಬೇರೆ. ನನಗೆ ನಗು ಬಂದರೆ ಮೊಣಕಾಲು ಹೋಗುತ್ತದೆ.

ಮುಗುಳುನಗೆಯ ಮಾತಲ್ಲ, ಅದನ್ನು ಹೇಗೋ ತಡೆದುಕೊಳ್ಳಬಹುದು. ಒಳಗಿನಿಂದ ಉಕ್ಕಿ ಬರುವ ನಗು ಇರುತ್ತದಲ್ಲ, ಅದು ಎದೆಯಿಂದ ಬಾಯಿಗೆ ಬರುವ ಬದಲು ನನ್ನಲ್ಲಿ ಕಾಲಿಗೆ ಇಳಿಯುತ್ತದೆ. ಮೊಣಕಾಲು ಮಡಿಚುತ್ತದೆ, ಕತ್ತು ಸೋಲುತ್ತದೆ, ಕೈಯಲ್ಲಿದ್ದದ್ದು ನೆಲಕ್ಕೆ ಬೀಳುತ್ತದೆ, ಅದರ ಹಿಂದೆಯೇ ನಾನೂ. ಪ್ರಜ್ಞೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಬಿದ್ದವನಿಗೆ ಎಲ್ಲವೂ ಕೇಳುತ್ತದೆ. ಉತ್ತರ ಕೊಡಲು ನಾಲಿಗೆ ಏಳುವುದಿಲ್ಲ, ಅಷ್ಟೇ. ಒಂದೆರಡು ನಿಮಿಷಕ್ಕೆ ಮೈ ತಿರುಗಿ ನನ್ನ ಸ್ವಾಧೀನಕ್ಕೆ ಬರುತ್ತದೆ. ಬೀಳುವಾಗ ನಾನು ಹೇಗೆ ಕಾಣುತ್ತೇನೆ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಅದನ್ನು ಕಂಡವರು ಬೇರೆಯವರು.

ಇದರ ಜೊತೆಗೆ ಹಗಲುನಿದ್ದೆ. ಹದಿನಾರು ಹದಿನೇಳರ ವಯಸ್ಸಿನಿಂದ ಎರಡೂ ಜೋಡಿಯಾಗಿ ಬಂದು ನನ್ನಲ್ಲಿ ಬಿಡಾರ ಹೂಡಿದವು. ಬೆಳಿಗ್ಗೆ ಎಚ್ಚರಾದ ಮೇಲೂ ಕೆಲವೊಮ್ಮೆ ಕೈಕಾಲು ಮಿಸುಕುತ್ತಿರಲಿಲ್ಲ. ಎದೆಯ ಮೇಲೆ ಒಂದು ಎಮ್ಮೆ ಕುಳಿತಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಅದು ನಮ್ಮ ಮನೆಯ ಎಮ್ಮೆಯಲ್ಲ, ನಮ್ಮದಕ್ಕೆ ಒಂದು ಕೋಡು ಮೊಂಡಾಗಿತ್ತು. ಕಚೇರಿಯಲ್ಲಿ ಊಟದ ಮೇಲೆ ಬರೆಯುತ್ತ ಕುಳಿತರೆ ಕಣ್ಣು ಮುಚ್ಚಿದರೂ ಕೈ ನಿಲ್ಲುತ್ತಿರಲಿಲ್ಲ. ಒಮ್ಮೆ ಒಂದು ಹೊಲದ ಚಕ್ಕುಬಂದಿ ನಕಲು ಮಾಡುವಾಗ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಬದನೆಕಾಯಿ ಪಲ್ಯ ಎಂದು ಬರೆದಿದ್ದೆ. ಸಾಹೇಬರು ಅದಕ್ಕೆ ಸಹಿ ಹಾಕಿಯೂ ಆಗಿತ್ತು.

ನಗುವಿಗೆ ನಾನೇ ಉಪಾಯ ಕಂಡುಕೊಂಡಿದ್ದೆ. ಯಾರಾದರೂ ಚೇಷ್ಟೆಯ ಮಾತು ಶುರು ಮಾಡಿದರೆ ಮೊದಲು ಗೋಡೆಗೆ ಒರಗುವುದು. ಗೋಡೆ ಇಲ್ಲದಿದ್ದರೆ ಕುಳಿತುಬಿಡುವುದು. ಎರಡೂ ಆಗದಿದ್ದರೆ ಬಾಕಿ ಕಂದಾಯದ ವಿಚಾರ ಮಾಡುವುದು. ಹೀಗೆ ಮಾಡುತ್ತ ಮಾಡುತ್ತ ನನ್ನ ಮೋರೆ ಒಂದು ಸರಕಾರಿ ಕಟ್ಟಡದ ಹಾಗೆ ಆಯಿತು. ಮನೆಯಲ್ಲಿ ಯಾರಿಗೂ ನಾನು ಇದನ್ನು ಹೇಳಿರಲಿಲ್ಲ. ನಗು ಬಂದರೆ ಬೀಳುತ್ತೇನೆ ಎಂದು ಯಾವ ಬಾಯಿಂದ ಹೇಳುವುದು? ಕೇಳಿದವರು ನಗುತ್ತಾರೆ. ಅವರು ನಕ್ಕರೆ ನನಗೂ ನಗು ಬರುತ್ತದೆ. ಮುಂದಿನದು ಹೇಳಬೇಕಿಲ್ಲ.

ಹುಡುಗಿಯನ್ನು ಕೊಟ್ಟದ್ದೂ ಈ ಮೋರೆ ನೋಡಿಯೇ. ಹಾನಗಲ್ಲು ಆಗ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಸವಣೂರಿನಿಂದ ನನ್ನನ್ನು ನೋಡಲು ಬಂದ ಮಾವನವರು, "ಹುಡುಗ ಭಾಳ ಗಂಭೀರ ಅದಾನ. ನಮ್ಮ ಹುಡುಗಿ ಬಾಯಿಗೆ ಇಂಥಾವನ ಬೇಕು" ಎಂದರಂತೆ. ಹುಡುಗಿಯ ಬಾಯಿ ಎಂಥದು ಎಂದು ನಮ್ಮ ಅಪ್ಪ ಕೇಳಲಿಲ್ಲ. ಮಾವನವರು ಹೇಳಲಿಲ್ಲ.

ಆ ಬಾಯಿಯ ಪರಿಚಯವಾದದ್ದು ನಮ್ಮ ಮನೆಯ ಹೊಸ್ತಿಲಲ್ಲಿ, ಮದುವೆ ಮುಗಿಸಿ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವಾಗ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವಂತಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಆದರೆ ಶುಭಕಾರ್ಯಗಳಲ್ಲಿ ಅದೇ ಹೆಸರನ್ನು ಒಂದು ಪ್ರಾಸದ ಪದ್ಯದೊಳಗೆ ಇಟ್ಟು, ಎಲ್ಲರೆದುರು, ಗಟ್ಟಿಯಾಗಿ ಹೇಳಲೇಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಬರಿಯ ಹೆಸರು ವಿಷ, ಪ್ರಾಸದಲ್ಲಿ ಸುತ್ತಿ ಕೊಟ್ಟರೆ ಔಷಧ. ಇದರ ತರ್ಕವನ್ನು ನಾನು ಯಾರ ಹತ್ತಿರವೂ ಕೇಳಿಲ್ಲ.

ನನ್ನ ಸೋದರತ್ತೆ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಳು. "ಹೆಸರ ಹೇಳು, ಒಳಗ ಬಾ. ಗುನುಗುನು ಅಂದ್ರ ನಡ್ಯೂದಿಲ್ಲ, ಓಣಿಗೆಲ್ಲಾ ಕೇಳಬೇಕು."

ಹಿಂದಿನಿಂದ ಯಾರೋ, "ಸವಣೂರವರು ಎಲಿ ಬೆಳ್ಯಾಕ ಶಾಣ್ಯಾರು ಅಂತ ಕೇಳೇನಿ. ಬಾಯಿ ಐತೋ ಇಲ್ಲೋ ಇವತ್ತ ನೋಡೂಣು" ಎಂದರು.

ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಹುಡುಗಿ ತಲೆ ಎತ್ತಲಿಲ್ಲ. ತಗ್ಗಿಸಿದ ತಲೆಯಿಂದಲೇ, ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. ನನ್ನ ಹೆಸರಿದ್ದಲ್ಲಿ ಇಲ್ಲಿ "ಇವರು" ಎಂದು ಬರೆಯುತ್ತೇನೆ. ಅದರಿಂದ ಪ್ರಾಸಕ್ಕೆ ನಷ್ಟವಿಲ್ಲ, ನನ್ನ ಆಯುಷ್ಯಕ್ಕೂ ಲಾಭ.

"ಸವಣೂರ ಎಲಿ, ಹಾನಗಲ್ಲ ಅಡಿಕಿ,
ಅಕ್ಕಿಕಾಳ ಬೀಳುವಾಗ ಮದುಮಗಗ ತೂಕಡಿಕಿ;
ಎಬ್ಬಸಬ್ಯಾಡ್ರಿ ಯಾರೂ, ಎಚ್ಚರಾದ್ರ ಓಡಿ ಹೋದಾರ,
ಇವರು ನಿದ್ದ್ಯಾಗ ನನ್ನ ಮದುವಿ ಆಗ್ಯಾರ."

ಅಕ್ಷತೆಯ ವೇಳೆಗೆ ನಾನು ತೂಕಡಿಸಿದ್ದು ನಿಜ. ಯಾರೂ ನೋಡಿಲ್ಲ ಎಂದುಕೊಂಡಿದ್ದೆ. ನೋಡಬೇಕಾದವಳೇ ನೋಡಿದ್ದಳು. ಅಷ್ಟೇ ಅಲ್ಲ, ಅದನ್ನು ದಾರಿಯುದ್ದಕ್ಕೂ ಬಂಡಿಯಲ್ಲಿ ಕುಳಿತು ಪ್ರಾಸಕ್ಕೆ ಕೂಡಿಸಿದ್ದಳು. ಹೊಸ್ತಿಲಲ್ಲಿ ಒರಗಲು ಗೋಡೆಯಿಲ್ಲ, ಮದುಮಗ ಕೂಡುವಂತಿಲ್ಲ. ಬಾಕಿ ಕಂದಾಯವನ್ನು ನೆನೆಯಲು ವ್ಯವಧಾನ ಸಿಗಲಿಲ್ಲ. ನಾನು ಬಾಸಿಂಗದ ಸಮೇತ ಬಿದ್ದೆ. ಹೊಸ್ತಿಲ ಮೇಲೆ ಇಟ್ಟ ಅಕ್ಕಿ ತುಂಬಿದ ಸೇರನ್ನು ಸೊಸೆ ಕಾಲಿನಿಂದ ಉರುಳಿಸಬೇಕಾಗಿತ್ತು. ನಾನು ತಲೆಯಿಂದ ಉರುಳಿಸಿದೆ.

ಓಣಿಯ ನಗು ತಟ್ಟನೆ ನಿಂತಿತು. ನಾನು ನೆಲದ ಮೇಲೆ, ಅಕ್ಕಿಯ ನಡುವೆ, ಎಲ್ಲವನ್ನೂ ಕೇಳುತ್ತ ಬಿದ್ದಿದ್ದೆ. ಅವ್ವ ನನ್ನ ಎದೆಯ ಮೇಲೆ ಕೈಯಿಟ್ಟು, "ಎಪ್ಪಾ, ತಮ್ಮಾ, ಕಣ್ಣ ತಗೀ" ಎನ್ನುತ್ತಿದ್ದಳು. ಸೋದರತ್ತೆಯ ಧ್ವನಿ ಮೇಲಿನಿಂದ ಬಂತು.

"ಹೆಸರ ಬಾಯಿಂದ ಬೀಳೂದ ತಡಾ, ಮನಿಶಾ ಬಿದ್ದ. ಎಲ್ಲಾರೂ ನೋಡೀರಿಲ್ಲೋ?"

ಎಲ್ಲರೂ ನೋಡಿದ್ದರು. ನಾಲಿಗೆ ತಿರುಗಿದ ಕೂಡಲೇ ನಾನು ಕುಳಿತು, "ನಗಿ ಬಂತು ಅತ್ತಿ. ನಗಿ ಬಂದ್ರ ನನಗ ಹಿಂಗ ಆಕ್ಕೈತಿ. ಆಕಿದೇನೂ ತಪ್ಪಿಲ್ಲ" ಎಂದೆ.

"ನಗಿ ಬಂದ್ರ ಹಲ್ಲ ಕಾಣ್ತಾವು, ಅಂಗಾಲ ಕಾಣೂದಿಲ್ಲ" ಎಂದಳು ಅತ್ತೆ. "ಇನ್ನ ಮನಿಯೊಳಗ ಕಾಲಿಟ್ಟಿಲ್ಲ, ಆಗಲೇ ಹೆಂಡ್ತಿ ಕಡೆ ಆದ ನೋಡವ್ವಾ."

ನನ್ನ ಜೀವನದಲ್ಲಿ ನಾನು ಹೇಳಿದ ಅತ್ಯಂತ ನಿಜವಾದ ಮಾತಿಗೆ ಬಂದ ತೀರ್ಪು ಇದು. ಇಷ್ಟು ವರ್ಷ ಗಾಂಭೀರ್ಯದ ಹೆಸರು ಗಳಿಸಿದವನು ನಗು ಬಂದು ಬಿದ್ದೆ ಎಂದರೆ ಯಾರು ನಂಬುತ್ತಾರೆ? ಅವ್ವ ಸಿಟ್ಟಿನವಳಲ್ಲ. ಅಂದು ಸಂಜೆ ಸೊಸೆಯನ್ನು ಹತ್ತಿರ ಕೂಡಿಸಿಕೊಂಡು, ತಲೆ ಸವರಿ ಹೇಳಿದಳು: "ಇನ್ನ ಮ್ಯಾಲ ಒಡಪಾ ಬ್ಯಾಡವ್ವಾ ನನ್ನ ಮಗಳ. ಯಾರರ ಕೇಳಿದ್ರ ನನಗ ಬರೂದಿಲ್ಲ ಅನ್ನು. ನಿನ್ನ ಕುಂಕುಮದ ಸಲುವಾಗಿ ಹೇಳ್ತೇನಿ." ಸಿಟ್ಟಿನಿಂದ ಹೇಳಿದ್ದರೆ ಆ ಹುಡುಗಿ ತಿರುಗಿ ಏನಾದರೂ ಅನ್ನುತ್ತಿದ್ದಳು. ಅವ್ವ ಅದನ್ನು ಕಣ್ಣೀರು ತಂದುಕೊಂಡು ಹೇಳಿದ್ದರಿಂದ ಹೂಂ ಎಂದಳು.

ಮರುವರ್ಷ ನನಗೆ ಶಿಗ್ಗಾಂವಿಗೆ ವರ್ಗವಾಯಿತು. ಹೊಸ ಸಂಸಾರವನ್ನು ನೋಡಿಕೊಳ್ಳಲು ಅವ್ವ ಜೊತೆಗೆ ಬಂದಳು. ಆ ಮನೆಯಲ್ಲಿ ನಮ್ಮಿಬ್ಬರ ಸಂಭಾಷಣೆ ಕಚೇರಿಯ ಪತ್ರವ್ಯವಹಾರದಷ್ಟು ಶಿಸ್ತಾಗಿತ್ತು. ಬ್ಯಾಳಿ ಮುಗಿದಾವ್ರಿ. ತರ್ತೇನಿ. ನೀರ ಬಂದಿಲ್ರಿ. ನೋಡ್ತೇನಿ. ಪಕ್ಕದ ಮನೆಯಲ್ಲಿ ಬಸುರಿಯ ಕುಬಸದ ಕಾರ್ಯ ಎಂದರೆ ಇವಳಿಗೆ ತಲೆನೋವು ಬರುತ್ತಿತ್ತು. ಹೋಗಲೇಬೇಕಾದಲ್ಲಿ, ಆರತಿ ಹಿಡಿದ ಹೆಂಗಸರು, "ನೀವೊಂದ ಹೇಳ್ರಿ, ಸವಣೂರವರು" ಎಂದು ಕೇಳಿದರೆ, "ನನಗ ಬರೂದಿಲ್ರಿ" ಎಂದು ಹಿಂದೆ ಸರಿಯುತ್ತಿದ್ದಳು. ಬರುತ್ತಿತ್ತು. ಅನ್ನ ಬಡಿಸುವಾಗ ಅವಳ ತುಟಿಯ ಒಂದು ತುದಿ ಸ್ವಲ್ಪ ಮೇಲೇಳುವುದನ್ನು ನಾನು ಕಾಣುತ್ತಿದ್ದೆ. ಏನೋ ಒಂದು ಮಾತು ಅಲ್ಲಿಗೆ ಬಂದು, ನನ್ನ ಮೊಣಕಾಲು ನೋಡಿ, ತಿರುಗಿ ಹೋಗುತ್ತಿತ್ತು. ಮುಂದೆ ಹುಟ್ಟಿದ ಮಕ್ಕಳೂ ಇಬ್ಬರು ಗಂಭೀರರ ನಡುವೆ ಬೆಳೆದು, ಉಳಿದ ಮನೆಗಳಲ್ಲಿಯೂ ಹೀಗೆಯೇ ಎಂದು ತಿಳಿದವು.

ಮನೆಯಲ್ಲಿ ಮಾತು ನಿಂತದ್ದರಿಂದ ನನ್ನ ಆರೋಗ್ಯ ಸುಧಾರಿಸಿತು ಎಂಬುದನ್ನು ವಿಷಾದದಿಂದ ದಾಖಲಿಸುತ್ತೇನೆ. ವರ್ಷಗಟ್ಟಲೆ ನಾನು ಮನೆಯಲ್ಲಿ ಬೀಳಲಿಲ್ಲ. ಅವ್ವನ ಎಣಿಕೆ ಬರೋಬ್ಬರಿ ಕೂಡಿತು: ಒಡಪು ನಿಂತಿತು, ಮಗ ನಿಂತ. ಹಗಲುನಿದ್ದೆ ಮಾತ್ರ ಬೆಳೆಯಿತು. ಸಂತೆಯಲ್ಲಿ ನಿಂತಲ್ಲೇ, ಉಂಡ ತಾಟಿನ ಮುಂದೆ, ಒಮ್ಮೆ ಸಾವಿಗೆ ಹೋದ ಮನೆಯಲ್ಲಿ ಸಮಾಧಾನ ಹೇಳುತ್ತ ಹೇಳುತ್ತ. ಅಲ್ಲಿದ್ದವರು ನಾನು ದುಃಖದಿಂದ ತಲೆ ತಗ್ಗಿಸಿದೆ ಎಂದು ನನ್ನನ್ನೇ ಸಂತೈಸಿದರು.

ಒಂದು ಪಂಚಮಿಗೆ ಅವಳು ತವರಿಗೆ ಹೋಗಿದ್ದಳು. ಕರೆತರಲು ಸವಣೂರಿಗೆ ಹೋದೆ. ಅಳಿಯನೆಂದು ಪಡಸಾಲೆಯಲ್ಲಿ ಖುರ್ಚಿ ಹಾಕಿ, ಕೈಯಲ್ಲಿ ಹಿತ್ತಾಳೆ ವಾಟಗದ ತುಂಬ ಹಾಲು ಕೊಟ್ಟು, ನಾನು ಬಂದದ್ದನ್ನು ಒಳಗೆ ಹೇಳುವುದನ್ನು ಮರೆತರು. ಹಿತ್ತಲಲ್ಲಿ ಅಕ್ಕತಂಗಿಯರು ಜೋಕಾಲಿಯ ಸುತ್ತ ಸೇರಿದ್ದರು. ಗೋಡೆಯ ಆಚೆಯಿಂದ ಒಂದು ಧ್ವನಿ ಬಂತು. ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಏಕೆಂದರೆ ಆ ಧ್ವನಿಯನ್ನು ನಾನು ಕೇಳಿದ್ದು ಒಂದೇ ಸಲ, ಹೊಸ್ತಿಲಲ್ಲಿ.

"ನಿಮ್ಮ ಮನಿಯವರು ಏನ್ ಕೆಲಸಾ ಮಾಡ್ತಾರ ಅಂತ ಕೇಳ್ತೀರಲ್ಲ? ನಿದ್ದ್ಯಾಗ ಹೊಲಾ ಅಳೀತಾರ. ಎಚ್ಚರಾದ ಮ್ಯಾಲ ಹೊಲದವರು ಅಳತಾರ."

ಹಿತ್ತಲು ನಕ್ಕಿತು. ನಾನು ಖುರ್ಚಿಯಿಂದ ಜಾರಿ, ಹಾಲಿನೊಡನೆ, ಕಂಬದ ಬುಡಕ್ಕೆ ಬಂದು ಸೇರಿದೆ. ಅಂಥ ಸುಖದಿಂದ ನಾನು ಎಂದೂ ಬಿದ್ದಿಲ್ಲ. ಹಾಲಿನಲ್ಲಿ ಕೆನ್ನೆಯಿಟ್ಟು, ಬೆರಳೆತ್ತಲಾರದೆ, ಒಳಗೊಳಗೇ ನಗುತ್ತ, ಇನ್ನೊಂದು ಹೇಳು, ಇನ್ನೊಂದು ಹೇಳು ಎನ್ನುತ್ತಿದ್ದೆ. ಹೇಳಬೇಕಾದವಳಿಗೆ ಅದು ಕೇಳಲಿಲ್ಲ. ವಾಟಗ ಉರುಳಿದ ಸದ್ದು ಕೇಳಿತು. ಎಲ್ಲರಿಗಿಂತ ಮುಂದೆ ಅವಳೇ ಓಡಿ ಬಂದಳು. ಅಷ್ಟರಲ್ಲಿ ನನ್ನ ಕಣ್ಣು ಅರೆ ತೆರೆದಿದ್ದವು, ಅವಳ ಮುಖ ಕಂಡಿತು. ಅದರ ಮೇಲೆ ನಗುವಿನ ಕಡೆಯ ಚೂರು ಇನ್ನೂ ಉಳಿದಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅದು ಆರಿತು.

ತಿರುಗಿ ಬರುವಾಗ ಬಂಕಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಬೇವಿನ ಮರದ ಕೆಳಗೆ ಟ್ರಂಕಿನ ಮೇಲೆ ಕುಳಿತೆವು. ಕೋಟೆಯ ಕಡೆಯಿಂದ ನವಿಲು ಕೂಗುತ್ತಿದ್ದವು. ಅವ್ವ ಇಲ್ಲದ ಜಾಗ ಅದೊಂದೇ ಎಂದು ನಾನು ವಿಷಯ ತೆಗೆದೆ.

"ಕೇಳಿಲ್ಲಿ. ನೀ ಹೆಸರ ಹೇಳಿದ್ದಕ್ಕ ನಾ ಬಿದ್ದಿಲ್ಲ. ಇವತ್ತ ನೀ ಹೆಸರ ಎಲ್ಲಿ ಹೇಳಿದಿ? ನಗಿ ಬಂದ್ರ ನನಗ ಕಾಲಾಗಿನ ಕಸುವು ಹೋಕ್ಕೈತಿ. ಹುಡುಗ ಇದ್ದಾಗಿಂದ ಐತಿ ಇದು."

ಅವಳು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದಳು.

"ಯಾರ ನಗಸಿದ್ರೂ ಬೀಳ್ತೀರೇನ್ರಿ?"

"ಬೀಳಬೇಕು. ಆದರ ಉಳಿದವರು ಅಷ್ಟ ನಗಸೂದಿಲ್ಲ."

ಇದನ್ನು ನಾನು ಹೊಗಳಿಕೆ ಎಂದು ಹೇಳಿದೆ. ಹೆಂಡತಿಯನ್ನು ಮೆಚ್ಚಿ ನಾನು ಆಡಿದ ಮೊದಲ ಮಾತು ಅದು. ಅವಳು ಅದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿ ಹೇಳಿದಳು: "ಹಂಗಾರ ಅತ್ತ್ಯಾರು ಹೇಳಿದ್ದ ಖರೇ ಆತಲ್ರಿ. ಹೆಸರಿಂದ ಬಿದ್ರೂ ನನ್ನ ಬಾಯಿಂದನ, ನಗಿಯಿಂದ ಬಿದ್ರೂ ನನ್ನ ಬಾಯಿಂದನ. ಬಾವಿ ಕಟ್ಟಿ ಮ್ಯಾಲ ಇದ್ದಾಗ ನಾ ಏನರ ಅಂದ್ರ?"

ಬಸ್ಸು ಬಂತು, ನಾನು ಟ್ರಂಕು ಎತ್ತಿದೆ. ಅಲ್ಲಿಯವರೆಗೆ ಅವಳು ಅವ್ವನ ಮಾತಿಗೆ ಸುಮ್ಮನಿದ್ದಳು. ಬಂಕಾಪುರದಿಂದ ಮುಂದೆ ತನ್ನ ಬುದ್ಧಿಯಿಂದಲೇ ಸುಮ್ಮನಾದಳು. ಮರುವರ್ಷ ಪಂಚಮಿಗೆ ಹೋದಾಗ ಹಿತ್ತಲಲ್ಲಿಯೂ ಅವಳ ಧ್ವನಿ ಇರಲಿಲ್ಲ. ಅವಳ ತಂಗಿ ಬಂದು, "ಅಕ್ಕಗ ಏನಾಗೇತಿ ಮಾಮಾ? ನಿಮ್ಮ ಕಚೇರಿ ಗಾಳಿ ಬಡದೈತೇನು?" ಎಂದು ಕೇಳಿದಳು. ನಾನು ಗೋಡೆಯ ಕಡೆ ನೋಡಿದೆ. ಅವರ ಮನೆಯಲ್ಲಿ ನಕಾಶೆ ಇರಲಿಲ್ಲ.

ಮುಂದೆ ಸವಣೂರಿನ ಕಚೇರಿಯಲ್ಲಿ ಕೆಲವು ವರ್ಷ ಕಳೆದು, ಅರವತ್ತರ ದಶಕದ ನಡುವೆ ಹಿರೇಕೆರೂರಿಗೆ ಬಂದೆವು. ಅವ್ವ ಅಷ್ಟರಲ್ಲಿ ತೀರಿಕೊಂಡಿದ್ದಳು. ಅಲ್ಲಿಯ ಸರಕಾರಿ ದವಾಖಾನೆಯ ಡಾಕ್ಟರು ನಾನು ಅವರ ಮುಂದಿನ ಬೆಂಚಿನ ಮೇಲೆ ನಿದ್ದೆ ಹೋಗಿ, ಎಬ್ಬಿಸಿದರೆ ಎದ್ದು, ಮತ್ತೆ ನಿದ್ದೆ ಹೋದದ್ದನ್ನು ನೋಡಿ, ಹುಬ್ಬಳ್ಳಿಯಲ್ಲಿ ನರದ ಬೇನೆ ನೋಡುವ ಒಬ್ಬ ಹಿರಿಯ ಡಾಕ್ಟರ ಕಡೆಗೆ ಕಳಿಸಿದರು. ಹೆಂಡತಿ ಜೊತೆಗೆ ಬಂದಳು. ಬಸ್ಸಿನಲ್ಲಿ ನಿದ್ದೆ ಹೋಗಿ ಮುಂದಿನ ಊರಿಗೆ ಹೋಗಿಬಿಡುತ್ತೇನೆಂದು ನನ್ನನ್ನು ಒಬ್ಬನೇ ಎಲ್ಲಿಗೂ ಬಿಡುತ್ತಿರಲಿಲ್ಲ.

ಹಿರಿಯ ಡಾಕ್ಟರು ನನ್ನ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಹೊಡೆದರು. ಕಾಲು ಜಿಗಿಯಿತು. ನಿದ್ದೆಯ ಬಗ್ಗೆ, ಎಮ್ಮೆಯ ಬಗ್ಗೆ ಕೇಳಿ, ಎಲ್ಲದಕ್ಕೂ ತಲೆಯಾಡಿಸಿದರು. ಆ ಎಮ್ಮೆ ಬೇರೆಯವರ ಎದೆಯ ಮೇಲೂ ಕೂಡುತ್ತದೆ ಎಂದು ತಿಳಿದು ನನಗೆ ತುಸು ಅಸೂಯೆಯಾಯಿತು. ಕೊನೆಗೆ, "ನಗಿ ಬಂದಾಗ ಬೀಳೂದನ್ನ ನಾ ಕಣ್ಣಿಂದ ನೋಡಬೇಕಲ್ಲ" ಎಂದರು. ನನ್ನನ್ನು ನಿಲ್ಲಿಸಿ, ಎರಡೂ ಕಡೆ ಆಳುಗಳನ್ನಿಟ್ಟು, ತಮ್ಮ ಖುರ್ಚಿಯಲ್ಲಿ ನೆಟ್ಟಗೆ ಕುಳಿತು ಒಂದು ನಗೆಯ ಕಥೆ ಹೇಳಿದರು. ಒಬ್ಬ ಜಿಪುಣ, ಅವನ ಚಪ್ಪಲಿ, ಅವನ ಭಾವಮೈದುನ. ಬಹಳ ಉದ್ದವಾಗಿತ್ತು. ನಡುವೆ ಒಮ್ಮೆ ಅವರೇ ಮರೆತು ಹಿಂದಕ್ಕೆ ಹೋಗಿ ಬಂದರು. ಕಥೆ ಮುಗಿಯಿತು. ನಾನು ಕಂಬದ ಹಾಗೆ ನಿಂತಿದ್ದೆ. ಆಳುಗಳೂ ನಗಲಿಲ್ಲ. ಡಾಕ್ಟರು ಹಣೆ ಒರೆಸಿಕೊಂಡರು.

ಆಗ, ಹೆಂಡತಿ ಕುಳಿತಿದ್ದ ಮೂಲೆಯ ಸ್ಟೂಲಿನ ಮೇಲಿಂದ, ತನಗೆ ತಾನೇ ಹೇಳಿಕೊಂಡ ಹಾಗೆ ಒಂದು ಮಾತು ಬಂತು: "ಪಾಪ, ಬ್ಯಾನಿ ಇವರಿಗೋ, ಅವರಿಗೋ?"

ಆಳುಗಳು ನನ್ನನ್ನು ಹಿಡಿಯುವುದರೊಳಗೆ ನಾನು ಡಾಕ್ಟರ ಮೇಜಿನ ಕೆಳಗಿದ್ದೆ.

ಡಾಕ್ಟರು ಖುರ್ಚಿ ಹಿಂದೆ ಸರಿಸಿ, ಸುತ್ತಿಗೆ ಹಿಡಿದು ನೆಲದ ಮೇಲೆಯೇ ಕುಳಿತರು. ಮೊಣಕಾಲಿಗೆ ಹೊಡೆದರು, ಈ ಸಲ ಅದು ಮಿಸುಕಲಿಲ್ಲ. "ಅಗದೀ ಬರೋಬ್ಬರಿ! ಇದ ನೋಡ್ರಿ ಅದು!" ಎಂದು ಹಬ್ಬದ ಊಟ ಕಂಡವರಂತೆ ಕೂಗಿದರು. ಬೇನೆಗೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಹೆಸರಿತ್ತು. ಎಚ್ಚರ ಮತ್ತು ನಿದ್ದೆಯ ನಡುವಿನ ಬಾಗಿಲು ತಲೆಯೊಳಗೆ ಸರಿಯಾಗಿ ಹಾಕಿಕೊಳ್ಳುವುದಿಲ್ಲ. ಬಹಳ ಸಂತೋಷವಾದರೆ ಮೈ ಮಾತ್ರ ನಿದ್ದೆಗೆ ಜಾರುತ್ತದೆ, ಮನಸ್ಸು ಹೊರಗೆ ಉಳಿಯುತ್ತದೆ. ಇಂಥವರು ಅಪರೂಪ, ತಾವೇ ಹೆಚ್ಚು ಮಂದಿಯನ್ನು ಕಂಡಿಲ್ಲ ಎಂದರು. ಆ ಹೆಸರನ್ನಾದರೂ ನನ್ನ ಹೆಂಡತಿ ಧಾರಾಳವಾಗಿ ಹೇಳಬಹುದಿತ್ತು. ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದಳು.

ಡಾಕ್ಟರು ಅವಳ ಕಡೆ ತಿರುಗಿದರು. "ಕೈ ತಗೀರಿ ತಾಯಿ. ನಿಮ್ಮ ಮಾತಿನಿಂದ ಇವರ ಜೀವಕ್ಕ ಏನೂ ಧಕ್ಕಿ ಇಲ್ಲ. ಅಂಜದ ನಗಸ್ರಿ. ಕೂಡಿಸಿ ನಗಸ್ರಿ, ಅಷ್ಟ."

ಕೂಡಿಸಿ ನಗಿಸಿರಿ. ಒಂದು ಚಾಪೆ, ಒಂದು ದಿಂಬು ಸಾಕಾಗಿತ್ತು. ಹೊಸ್ತಿಲಲ್ಲಿ ಯಾರಾದರೂ ಮದುಮಗನಿಗೆ ಒಂದು ಮಣೆ ಹಾಕಿದ್ದರೂ ಸಾಕಿತ್ತು.

ಅವರು ಬರೆದುಕೊಟ್ಟ ಗುಳಿಗೆಗಳು ಕೆಲಸ ಮಾಡಿದವು. ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಎಚ್ಚರವಿರಲು ಕಲಿತೆ. ಎಚ್ಚರಿದ್ದು ನೋಡಿದಾಗ ಕಚೇರಿ ಅಷ್ಟೇನೂ ಚೆನ್ನಾಗಿರಲಿಲ್ಲ. ಎಮ್ಮೆಯೂ ಅಪರೂಪವಾಯಿತು. ಮನೆಯಲ್ಲಿ ನಾನು ದಿನವೂ ಕೇಳತೊಡಗಿದೆ: "ಒಂದ ಒಡಪಾ ಹೇಳು." ಅವಳು, "ಈಗೇನ್ರಿ ಹುಡುಗಾಟಕಿ, ಮಕ್ಕಳು ಅದಾವು" ಎನ್ನುವಳು. ಮಕ್ಕಳು ಸಾಲೆಗೆ ಹೋದರೆ, "ಒಲಿ ಮ್ಯಾಲ ಸಾರ ಐತಿ" ಎನ್ನುವಳು. ಡಾಕ್ಟರ ಹುಕುಂ ಎಂದು ನೆನಪಿಸಿದರೆ, "ಆ ಡಾಕ್ಟರರ ಕಥಿ ಕೇಳೇನಲ್ಲ" ಎಂದು ಒಳಗೆ ಹೋಗುವಳು.

ಒಂದು ರವಿವಾರ ಮಧ್ಯಾಹ್ನ, ಊಟವಾದ ಮೇಲೆ, ತಾನಾಗಿಯೇ ಬಂದು ಚಾಪೆ ಹಾಸಿದಳು. ತಲೆಗೊಂದು ದಿಂಬು ಇಟ್ಟಳು. ಕೈ ಬೀಳುವ ಕಡೆಗೆ ಇನ್ನೊಂದು. ನನ್ನನ್ನು ಮಲಗಿಸಿ, ಹತ್ತಿರದಲ್ಲಿದ್ದ ನೀರಿನ ತಂಬಿಗೆಯನ್ನು ದೂರ ಸರಿಸಿ, ಸೆರಗು ಹೊದ್ದು ಎದುರಿಗೆ ಕುಳಿತಳು. ಒಲೆಯ ಮೇಲಿನ ಹಾಲನ್ನು ನೋಡುವ ಹಾಗೆ ನನ್ನನ್ನು ನೋಡುತ್ತ ಹೇಳಿದಳು.

"ಬೆಳ್ಳಿ ಬಟ್ಟಲದಾಗ ಕೆನಿ ಹಾಲ,
ಇವರು ನನಗ ದೇವರ ಕೊಟ್ಟ ಪಾಲ."

ಪ್ರಾಸ ಸರಿಯಾಗಿತ್ತು. ಹೆಸರು ಸರಿಯಾದ ಜಾಗದಲ್ಲಿ ಬಂತು. ಯಾರ ಮನೆಯ ಆರತಿಯಲ್ಲಿಯೂ ಯಾರೂ ತಕರಾರು ಮಾಡಲಾಗದ ಒಡಪು. ನಾನು ಕಾದೆ. ಅವಳೂ ಕಾದಳು. ನನ್ನ ಎರಡೂ ಮೊಣಕಾಲು ಚಾಪೆಯ ಮೇಲೆ ಗಟ್ಟಿಯಾಗಿ, ಆರೋಗ್ಯವಂತರ ಮೊಣಕಾಲುಗಳ ಹಾಗೆ ಇದ್ದವು. ಗುಳಿಗೆಯ ಪ್ರಭಾವ ಇರಬಹುದು ಎಂದುಕೊಂಡೆ. ಈಗಲೂ ಕೆಲವು ದಿನ ಹಾಗೆಯೇ ಅಂದುಕೊಳ್ಳುತ್ತೇನೆ.

ಅವಳ ಮುಖದ ಮೇಲೆ ನಿರಾಸೆ ಇಳಿಯತೊಡಗಿದ್ದನ್ನು ಕಂಡು ನಾನು ಕೈ ಸಡಿಲ ಬಿಟ್ಟೆ. ಕೈ ದಿಂಬಿನ ಮೇಲೆ ಬಿತ್ತು. ಕತ್ತು ವಾಲಿಸಿದೆ, ಗದ್ದ ಜೋಲು ಬಿಟ್ಟೆ, ಕಣ್ಣು ಮುಚ್ಚಿದೆ. ಜೀವಮಾನದ ಅನುಭವವೆಲ್ಲ ಅದರಲ್ಲಿತ್ತು. ಇದಕ್ಕಿಂತ ಚೆನ್ನಾಗಿ ಯಾರೂ ಬೀಳಲಾರರು.

ಬಳೆಯ ಸದ್ದು ಹತ್ತಿರ ಬಂತು.

"ಏಳ್ರಿ" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಖರೇ ಬೀಳೂ ಮುಂದ ಮೊದಲ ಎಡಗಣ್ಣ ಮುಚ್ಚತೈತಿ, ಆಮ್ಯಾಲ ಬಲಗಣ್ಣ. ಇವತ್ತ ಎರಡೂ ಕೂಡೇ ಮುಚ್ಚೀರಿ."

ನಾನು ಕಣ್ಣು ತೆರೆಯಲಿಲ್ಲ. ಅವಳು ನನ್ನ ಕೈಯ ಕೆಳಗಿನ ದಿಂಬನ್ನು ಮೆಲ್ಲಗೆ ಎಳೆದುಕೊಂಡು, ದೂರ ಸರಿಸಿದ್ದ ತಂಬಿಗೆಯನ್ನು ತಿರುಗಿ ಹತ್ತಿರ ಇಟ್ಟು, ಚಹಾಕ್ಕೆ ಇಡಲು ಒಳಗೆ ಹೋದಳು.